ಕಾಲಡಿಯ ಬೆಳೆ

ಭಾದ್ರಪದ ಮಾಸದ ಚೌತಿಯ ಬೆಳಗ್ಗೆ ಮನೆಯ ಮಕ್ಕಳು ಹಿತ್ತಿಲಿನಲ್ಲಿಯೋ ಹೊಲದ ಬದುವಿನಲ್ಲಿಯೋ ಬಗ್ಗಿ ನಿಂತು, ಗಣಪತಿಯ ಪೂಜೆಗೆಂದು ಗರಿಕೆಯ ಕುಡಿಗಳನ್ನು ಎಣಿಸಿ ಎಣಿಸಿ ಕೊಯ್ಯುವುದುಂಟು. ಅದೇ ಬದುವಿನಾಚೆ ಬೇಸಾಯಗಾರನು ಅದೇ ಗರಿಕೆಯನ್ನು ಕುಂಟೆಯಿಂದ ಎಬ್ಬಿಸಿ, ಅದರ ಬೇರುಗಳನ್ನು ಆರಿಸಿ, ಬಿಸಿಲಿಗೆ ಒಣಗಿಸಿ ಸುಡುತ್ತಿರುತ್ತಾನೆ. ಪಟ್ಟಣದ ಆಟದ ಮೈದಾನದಲ್ಲಾದರೋ ಮಾಲಿಯು ಅದೇ ಗರಿಕೆಗೆ ಗೊಬ್ಬರ ಹಾಕಿ, ನೀರುಣಿಸಿ, ಅದು ಒಂದು ಅಂಗೈಯಗಲ ಒಣಗಿದರೂ ಚಿಂತೆಗೊಳಗಾಗುತ್ತಾನೆ. ಒಂದೇ ಹುಲ್ಲು ಒಬ್ಬರಿಗೆ ಪೂಜಾದ್ರವ್ಯ, ಇನ್ನೊಬ್ಬರಿಗೆ ಕಳೆ, ಮತ್ತೊಬ್ಬರಿಗೆ ಬೆಳೆ. ಈ ಮೂರನೆಯವನ ದೃಷ್ಟಿಯಿಂದ ಆ ಹುಲ್ಲನ್ನು ನೋಡುವುದು ಈ ಲೇಖನದ ಉದ್ದೇಶ.

ಹುಲ್ಲು ತಾನಾಗಿ ಬೆಳೆಯುವ ವಸ್ತು. ಅದನ್ನು ಬೆಳೆಸಲು ಕಲಿಯಬೇಕಾದುದೇನಿದೆ ಎಂದು ಹಲವರು ಕೇಳಬಹುದು. ಆದರೆ ನಮ್ಮ ಊರುಗಳ ಎಷ್ಟೋ ಶಾಲೆಗಳ ಅಂಗಳಗಳನ್ನು ನೋಡಿ. ಮಳೆಗಾಲದಲ್ಲಿ ನಾಲ್ಕು ದಿನ ಹಸಿರು. ಉಳಿದಂತೆ ಬೇಸಗೆಯಲ್ಲಿ ಧೂಳು, ಮಳೆ ಹಿಡಿದರೆ ಕೆಸರು. ಬಿದ್ದ ಹುಡುಗನ ಮೊಣಕಾಲು ತರಚದೆ ಬಿಡುವುದಿಲ್ಲ. ಹುಲ್ಲು ಹಾಕಿಸಿದ ಕಡೆಗಳಲ್ಲಿಯೂ ಅನೇಕ ವೇಳೆ ಅದು ಒಂದೆರಡು ವರ್ಷಗಳಲ್ಲಿ ಬೋಳುಬೋಳಾಗಿ ಹೋಗುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣವೆಂದರೆ ನಾವು ಹುಲ್ಲನ್ನು ನೆಲದ ಮೇಲಿನಿಂದ ಮಾತ್ರ ನೋಡುವುದು. ಹುಲ್ಲುಹಾಸಿನ ಹಸಿರು ಕಣ್ಣಿಗೆ ಕಾಣುವುದು ಮೇಲೆ. ಅದರ ಬಾಳುವೆ ನಿಂತಿರುವುದು ಕೆಳಗೆ, ಬೇರಿನಲ್ಲಿ. ಅಗೆಯುವುದು, ನೆಡುವುದು, ಕತ್ತರಿಸುವುದು, ಗೊಬ್ಬರವಿಡುವುದು, ನೀರೆರೆಯುವುದು, ಈ ಐದು ಕೆಲಸಗಳಲ್ಲಿ ಯಾವುದನ್ನೇ ಮಾಡುವಾಗಲೂ “ಇದರಿಂದ ಬೇರಿಗೆ ಏನಾಗುತ್ತದೆ?” ಎಂದು ಕೇಳಿಕೊಂಡರೆ, ಹುಲ್ಲುಹಾಸಿನ ವಿದ್ಯೆಯ ಬಹುಭಾಗ ಕರಗತವಾದಂತೆಯೇ ಸರಿ.

ಕೊಯ್ದರೂ ಸಾಯದ ಗಿಡ

ಮೊದಲು ಒಂದು ಸಾಮಾನ್ಯ ಸಂಗತಿಯನ್ನು ವಿಚಾರ ಮಾಡೋಣ. ಹುರುಳಿಯ ಸಸಿಯೊಂದರ ತುದಿಯನ್ನು ಚಿವುಟಿದರೆ ಆ ಕಾಂಡದ ನೇರ ಬೆಳೆವಣಿಗೆ ಅಲ್ಲಿಗೇ ನಿಲ್ಲುತ್ತದೆ. ಅದನ್ನು ವಾರಕ್ಕೊಮ್ಮೆ ನೆಲಮಟ್ಟದಲ್ಲಿ ಕೊಯ್ಯುತ್ತ ಹೋದರೆ ಗಿಡವೇ ಉಳಿಯದು. ಹುಲ್ಲಾದರೋ ದನ ಮೇದರೂ, ಕುಡುಗೋಲು ಆಡಿದರೂ, ಮತ್ತೆ ಚಿಗುರುತ್ತದೆ. ಏಕೆ?

ಹುರುಳಿಯಂತಹ ಗಿಡಗಳಲ್ಲಿ ಹೊಸ ಜೀವಕೋಶಗಳು ಹುಟ್ಟುವ ಸ್ಥಾನ, ಅಂದರೆ ವರ್ಧನ ಅಂಗಾಂಶ, ಕಾಂಡದ ತುದಿಯಲ್ಲಿದೆ. ಹುಲ್ಲಿನಲ್ಲಿ ಅದು ನೆಲಕ್ಕೆ ಅಂಟಿಕೊಂಡ ಬುಡದಲ್ಲಿ ಅಡಗಿದೆ. ಹುಲ್ಲಿನ ಎಲೆಯೂ ತನ್ನ ತುದಿಯಿಂದ ಬೆಳೆಯದೆ ಬುಡದಿಂದಲೇ ಮೇಲಕ್ಕೆ ತಳ್ಳಲ್ಪಡುತ್ತದೆ. ಆದುದರಿಂದ ನಾವು ಕತ್ತರಿಸಿ ಎಸೆಯುವುದು ಎಲೆಯ ಹಳೆಯ ಭಾಗವನ್ನು. ಹೊಸದನ್ನು ಹುಟ್ಟಿಸುವ ಕಾರ್ಖಾನೆ ಕತ್ತರಿಯ ಅಲಗಿನಿಂದ ಕೆಳಗೆ ಸುರಕ್ಷಿತವಾಗಿರುತ್ತದೆ. ಮೇಯುವ ಪ್ರಾಣಿಗಳೊಡನೆ ಲಕ್ಷಾಂತರ ವರ್ಷಗಳ ಕಾಲ ಬಾಳಿ ಬಂದ ಹುಲ್ಲುಗಳಿಗೆ ದೊರೆತಿರುವ ಈ ದೇಹರಚನೆಯೇ ಹುಲ್ಲುಹಾಸೆಂಬ ವಸ್ತುವನ್ನು ಸಾಧ್ಯಗೊಳಿಸಿದೆ.

ಗರಿಕೆಯಲ್ಲಿ ಇದಕ್ಕೆ ಇನ್ನೆರಡು ಅನುಕೂಲಗಳು ಸೇರಿವೆ. ಅದರ ಕಾಂಡಗಳು ನೆಲದ ಮೇಲೆ ಹರಿಯುತ್ತ ಪ್ರತಿಯೊಂದು ಗೆಣ್ಣಿನಲ್ಲಿಯೂ ಬೇರೂರುತ್ತವೆ. ಜೊತೆಗೆ ನೆಲದಡಿಯಲ್ಲಿಯೂ ಬೆಳ್ಳಗಿನ ಗುಪ್ತಕಾಂಡಗಳನ್ನು ಹರಡಿ, ಅವುಗಳಲ್ಲಿ ಆಹಾರವನ್ನು ಕೂಡಿಡುತ್ತದೆ. ತವರುಮನೆಯನ್ನು ಹರಸುವ ನಮ್ಮ ಜನಪದ ತ್ರಿಪದಿಯಲ್ಲಿ ವಂಶದ ಬೆಳೆವಣಿಗೆಗೆ ಹೊಳೆದಂಡೆಯ ಕರಿಕೆಯ ಕುಡಿಯನ್ನೇ ಹೋಲಿಕೆಯಾಗಿ ಕೊಟ್ಟಿರುವುದು ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಯುಕ್ತವಾಗಿದೆ. ಬೇಸಾಯಗಾರನಿಗೆ ಈ ಹುಲ್ಲು ಶತ್ರುವಾದುದಕ್ಕೂ ಇದೇ ಕಾರಣ: ಕುಂಟೆಯ ಬಾಯಿಗೆ ಸಿಕ್ಕಿ ತುಂಡಾದ ಪ್ರತಿಯೊಂದು ಗೆಣ್ಣೂ ಒಂದೊಂದು ಹೊಸ ಗಿಡವಾಗಬಲ್ಲುದು.

ರಾಗಿಯ ನೆಂಟ

ಗರಿಕೆಯ ಶಾಸ್ತ್ರೀಯ ನಾಮ ಸೈನೊಡಾನ್ ಡ್ಯಾಕ್ಟಿಲಾನ್. ಮೊದಲ ಪದಕ್ಕೆ ನಾಯಿಯ ಹಲ್ಲೆಂದೂ ಎರಡನೆಯದಕ್ಕೆ ಬೆರಳೆಂದೂ ಗ್ರೀಕ್ ಭಾಷೆಯಲ್ಲಿ ಅರ್ಥ. ಬಲಿತ ಗರಿಕೆಯ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಒಂದೇ ನೆಲೆಯಿಂದ ಹೊರಟ ಮೂರರಿಂದ ಆರು ಸಣ್ಣ ಬೆರಳುಗಳು ಕಾಣುತ್ತವೆ. ಈ ಆಕಾರವನ್ನು ನಾವು ಬೇರೆಡೆ ಕಂಡಿಲ್ಲವೆ? ಹೌದು, ರಾಗಿಯ ತೆನೆಯೂ ಹೀಗೆಯೇ ಬೆರಳುಬೆರಳಾಗಿದೆ. ಇದು ಕೇವಲ ಹೊರನೋಟದ ಹೋಲಿಕೆಯಲ್ಲ. ಗರಿಕೆಯೂ ರಾಗಿಯೂ ಹುಲ್ಲುಗಳ ದೊಡ್ಡ ಮನೆತನದಲ್ಲಿ ಹತ್ತಿರದ ಬಂಧುಗಳು.

ಈ ಬಂಧುತ್ವದಿಂದ ಗರಿಕೆಗೆ ಬಂದಿರುವ ಸಂಪತ್ತೊಂದನ್ನು ತಿಳಿಯಬೇಕು. ಸಸ್ಯಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಲೆಯ ರಂಧ್ರಗಳ ಮೂಲಕ ಒಳಗೆ ತೆಗೆದುಕೊಂಡು, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯನ್ನು ತಯಾರಿಸುತ್ತವೆ. ರಂಧ್ರ ತೆರೆದಾಗಲೆಲ್ಲ ಎಲೆಯೊಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಇದು ಪ್ರತಿಯೊಂದು ಸಸ್ಯವೂ ತೆರಬೇಕಾದ ಬೆಲೆ. ಕಬ್ಬು, ಜೋಳ, ಸಜ್ಜೆ, ರಾಗಿ, ಗರಿಕೆ ಮುಂತಾದವು ಈ ಬೆಲೆಯನ್ನು ತಗ್ಗಿಸುವ ಉಪಾಯವೊಂದನ್ನು ಪಡೆದಿವೆ. ಅವು ಇಂಗಾಲವನ್ನು ಮೊದಲು ನಾಲ್ಕು ಇಂಗಾಲ ಪರಮಾಣುಗಳುಳ್ಳ ಆಮ್ಲವೊಂದರ ರೂಪದಲ್ಲಿ ಹಿಡಿದು, ಎಲೆಯ ನರಗಳ ಸುತ್ತಲಿನ ವಿಶೇಷ ಜೀವಕೋಶಗಳಿಗೆ ಸಾಗಿಸಿ, ಅಲ್ಲಿ ಸಾಂದ್ರಗೊಳಿಸಿ, ಆಮೇಲೆ ಸಕ್ಕರೆಯಾಗಿ ಪರಿವರ್ತಿಸುತ್ತವೆ. ಆಸ್ಟ್ರೇಲಿಯದಲ್ಲಿ ಕಬ್ಬಿನ ಎಲೆಯ ಮೇಲೆ ಪ್ರಯೋಗ ನಡೆಸಿದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಈ ಮಾರ್ಗವನ್ನು ವಿವರಿಸಿದರು. ಹೀಗೆ ಮಾಡುವ ಗಿಡವು ರಂಧ್ರಗಳನ್ನು ಅಷ್ಟಾಗಿ ತೆರೆಯದೆಯೇ ಸಾಕಷ್ಟು ಆಹಾರವನ್ನು ಗಳಿಸಬಲ್ಲುದು. ಮೂವತ್ತು ಡಿಗ್ರಿ ಸೆಂಟಿಗ್ರೇಡಿನ ಬಿಸಿಲು ಇಂಗ್ಲೆಂಡಿನ ಹುಲ್ಲುಗಳನ್ನು ಕುಗ್ಗಿಸಿದರೆ, ಗರಿಕೆಯನ್ನು ಹಿಗ್ಗಿಸುತ್ತದೆ.

ಅದರ ದೌರ್ಬಲ್ಯವೂ ಇಲ್ಲಿಯೇ ಇದೆ. ಈ ಉಪಾಯಕ್ಕೆ ಹೆಚ್ಚು ಬೆಳಕು ಬೇಕು. ಮಾವಿನ ಮರದ ಅಡಿಯಲ್ಲಿ ಎಷ್ಟು ಸಲ ನೆಟ್ಟರೂ ಗರಿಕೆ ತೆಳ್ಳಗಾಗಿ ನಶಿಸುತ್ತದೆ. ಅಲ್ಲಿ ಅಗಲ ಎಲೆಯ ಬೇರೆ ಹುಲ್ಲನ್ನು ಬೆಳೆಸಬೇಕು. ಇಲ್ಲವೆ ಒಣಗಿದ ತರಗೆಲೆಗಳನ್ನೇ ಹಾಸಾಗಿ ಬಿಡಬೇಕು.

ನೆಲವನ್ನು ಸಿದ್ಧಗೊಳಿಸುವುದು

ಹುಲ್ಲುಹಾಸನ್ನು ಹಾಕುವಾಗ ನಡೆಯುವ ತಪ್ಪುಗಳಲ್ಲಿ ಮೊದಲನೆಯದು ಅವಸರ. ಕಟ್ಟಡ ಮುಗಿದ ಕೂಡಲೇ ಉಳಿದ ಇಟ್ಟಿಗೆ ಚೂರು, ಸುಣ್ಣ, ಜಲ್ಲಿಗಳ ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಹುಲ್ಲಿನ ಹಲ್ಲೆಗಳನ್ನು ಜೋಡಿಸಿಬಿಡುವುದುಂಟು. ಮೂರು ತಿಂಗಳು ಅದು ಚಿತ್ರದಂತೆ ಕಾಣುತ್ತದೆ. ಮೊದಲ ಬೇಸಗೆಯಲ್ಲಿಯೇ ಅದರ ಬಂಡವಾಳ ಹೊರಬೀಳುತ್ತದೆ. ಏಕೆಂದರೆ ಬೇರಿಗೆ ಇಳಿಯಲು ಸ್ಥಳವೇ ಇರುವುದಿಲ್ಲ.

ಒಳ್ಳೆಯ ಮಣ್ಣೆಂದರೆ ಅರ್ಧದಷ್ಟು ಮಾತ್ರ ಘನಪದಾರ್ಥ. ಉಳಿದರ್ಧ ಬರಿಯ ಸಂದುಗಳು. ಆ ಸಂದುಗಳಲ್ಲಿ ಸುಮಾರು ಅರ್ಧಭಾಗ ನೀರೂ ಅರ್ಧಭಾಗ ಗಾಳಿಯೂ ಇರುವುದು ಉತ್ತಮ ಸ್ಥಿತಿ. ಬೇರೂ ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು. ನೂರಾರು ಕಾಲುಗಳು ಒಂದೇ ದಾರಿಯಲ್ಲಿ ತುಳಿದಾಗ ಹುಲ್ಲು ಸಾಯುವುದು ಎಲೆ ಜಜ್ಜಿಹೋದುದರಿಂದ ಮಾತ್ರವಲ್ಲ. ಮಣ್ಣಿನ ಸಂದುಗಳು ಮುಚ್ಚಿ ಬೇರಿನ ಉಸಿರು ಕಟ್ಟುವುದರಿಂದ.

ಆದುದರಿಂದ ಬೇಸಗೆಯಲ್ಲಿ ನೆಲವನ್ನು 25ರಿಂದ 30 ಸೆಂಟಿಮೀಟರ್ ಆಳ ಅಗೆದು, ಕಲ್ಲುಗಳನ್ನು ಆರಿಸಿ, ಹೆಂಟೆಗಳನ್ನು ಕೆಲವು ವಾರ ಬಿಸಿಲಿಗೆ ಬಿಡಬೇಕು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಸೇರಿಸಿ ಮಟ್ಟ ಮಾಡಿ, ಒಮ್ಮೆ ನೀರು ಹಾಯಿಸಿ ಸುಮ್ಮನೆ ಕಾಯಬೇಕು. ಹತ್ತು ಹದಿನೈದು ದಿನಗಳಲ್ಲಿ ಕಳೆಗಳು, ಮುಖ್ಯವಾಗಿ ಕೊನ್ನಾರಿ, ತಲೆಯೆತ್ತುತ್ತವೆ. ಕೊನ್ನಾರಿಯ ಎಲೆಯನ್ನು ಕಿತ್ತರೆ ಪ್ರಯೋಜನವಿಲ್ಲ. ನೆಲದೊಳಗಿನ ಸರಪಣಿಯಂತಹ ಗಡ್ಡೆಗಳನ್ನು ಅಗೆದು ತೆಗೆಯಬೇಕು. ಹೀಗೆ ಎರಡು ಸಲ ಕಳೆಯನ್ನು ಎಬ್ಬಿಸಿ ತೆಗೆದವನು ಮುಂದಿನ ಹತ್ತು ವರ್ಷಗಳ ಕೆಲಸವನ್ನು ಉಳಿಸಿಕೊಂಡಂತೆ. ಕೊನೆಗೆ ಮಳೆಯ ನೀರು ನಿಲ್ಲದೆ ಹರಿದುಹೋಗುವಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು, ಇಳಿಜಾರನ್ನು ಕೊಡಬೇಕು.

ದೊಡ್ಡ ಕ್ರೀಡಾಂಗಣಗಳಲ್ಲಿ ಇದೇ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೆಳಗೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳುಮಿಶ್ರಿತ ಮಣ್ಣು. ಸಣ್ಣ ಸಂದುಗಳ ಮರಳಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಒಡನೆಯೇ ಇಳಿಯುವುದಿಲ್ಲ. ಬೇರಿಗೆ ಬೇಕಾದಷ್ಟು ನೀರು ಮರಳಿನ ತಳದಲ್ಲಿ ತೂಗಿ ನಿಂತು, ಹೆಚ್ಚಾದುದು ಮಾತ್ರ ಕೆಳಗೆ ಜಾರಿಹೋಗುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಬಳಕೆಗೆ ಬಂದ ವ್ಯವಸ್ಥೆಯಲ್ಲಿ ನೆಲದಡಿಯ ಕೊಳವೆಗಳ ಮೂಲಕ ಯಂತ್ರಗಳು ಮಳೆಯ ನೀರನ್ನು ಹೀರಿ ತೆಗೆಯುತ್ತವೆ. ಬೇಕಾದಾಗ ಬೇರಿಗೆ ಗಾಳಿಯನ್ನೂ ಊದಬಲ್ಲವು. ಶಾಲೆಯ ಮೈದಾನಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ವರ್ಷಕ್ಕೊಮ್ಮೆ ತುಳಿತಕ್ಕೆ ಸಿಕ್ಕ ಭಾಗವನ್ನು ಕವಲುಗೋಲಿನಿಂದ ಬೆರಳುದ್ದ ಚುಚ್ಚಿ, ತೂತುಗಳಿಗೆ ಮರಳನ್ನು ತುಂಬಿದರೆ ಅದೂ ಬೇರಿಗೆ ಗಾಳಿಯೂದಿದಂತೆಯೇ.

ನೆಡುವ ಬಗೆ

ಗರಿಕೆಯನ್ನು ಬೀಜದಿಂದ ಬೆಳೆಸಬಹುದು; ಆದರೆ ಬೀಜ ಬಹು ಸಣ್ಣದು, ಗಾಳಿಗೂ ಇರುವೆಗೂ ಸುಲಭವಾಗಿ ಸಿಕ್ಕುತ್ತದೆ. ಕಾಂಡದ ತುಂಡುಗಳನ್ನು ನೆಡುವುದೇ ನಮ್ಮಲ್ಲಿ ರೂಢಿ. ಜೂನ್ ಜುಲೈ ತಿಂಗಳ ಹದವಾದ ಮಳೆಯಲ್ಲಿ, ಎರಡು ಮೂರು ಗೆಣ್ಣುಗಳುಳ್ಳ ತುಂಡುಗಳನ್ನು ಹತ್ತರಿಂದ ಹದಿನೈದು ಸೆಂಟಿಮೀಟರ್ ಅಂತರದಲ್ಲಿ ಊರಿ, ಕಾಲಿನಿಂದ ಮೆಲ್ಲನೆ ಅದುಮಬೇಕು. ವಿಶಾಲವಾದ ಸ್ಥಳಕ್ಕೆ ಕತ್ತರಿಸಿದ ಗರಿಕೆಯನ್ನು ಮಣ್ಣು, ಸಗಣಿ, ನೀರಿನೊಡನೆ ಕಲಸಿ ಸಾರಣೆಯಂತೆ ಹರಡುವ ಪದ್ಧತಿಯೂ ಉಂಟು. ಎರಡು ಮೂರು ತಿಂಗಳಲ್ಲಿ ತುಂಡುಗಳು ಒಂದನ್ನೊಂದು ಕೂಡಿಕೊಂಡು ನೆಲವನ್ನು ಮುಚ್ಚುತ್ತವೆ. ಸಿದ್ಧವಾದ ಹಲ್ಲೆಗಳನ್ನು ಹಾಸುವುದರಿಂದ ಒಂದೇ ದಿನದಲ್ಲಿ ಹಸಿರು ದೊರೆಯುವುದು ನಿಜ. ಆದರೆ ಅದು ಕೊಂಡುತಂದ ಹಸಿರು, ಅದರ ಬೇರು ಇನ್ನೂ ಇಳಿಯಬೇಕಾಗಿದೆಯೆಂಬುದನ್ನು ಮರೆಯಬಾರದು.

ತುಂಡಿನಿಂದ ನೆಡಲೇಬೇಕಾದ ಗರಿಕೆಗಳೂ ಇವೆ. ಇವುಗಳ ಕಥೆ ನಮ್ಮ ನಾಡಿನ ಹೊಲಗಳಿಗೂ ಸಂಬಂಧಪಟ್ಟಿದೆ. ಅಮೆರಿಕದ ಜಾರ್ಜಿಯ ಸಂಸ್ಥಾನದ ಟಿಫ್ಟನ್ ಎಂಬ ಊರಿನ ಸಂಶೋಧನ ಕೇಂದ್ರದಲ್ಲಿ 1936ರಿಂದ ಕೆಲಸ ಮಾಡಿದ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ, ದನಗಳ ಮೇವಿಗಾಗಿ ಗರಿಕೆಯನ್ನು ಸುಧಾರಿಸಲು ತೊಡಗಿ, ಆಟದ ಮೈದಾನಗಳ ಗರಿಕೆಯತ್ತಲೂ ಗಮನ ಕೊಟ್ಟರು. ಸಾಮಾನ್ಯ ಗರಿಕೆಯ ಜೀವಕೋಶದಲ್ಲಿ 36 ವರ್ಣತಂತುಗಳು. ದಕ್ಷಿಣ ಆಫ್ರಿಕದ ಸಣ್ಣೆಲೆಯ ಗರಿಕೆಯಲ್ಲಿ 18. ಇವೆರಡರ ಸಂಕರದಿಂದ ಹುಟ್ಟಿದ ಗಿಡಕ್ಕೆ 27. ಈ ಬೆಸಸಂಖ್ಯೆಯ ವರ್ಣತಂತುಗಳು ಸಮನಾಗಿ ಇಬ್ಭಾಗವಾಗಲಾರವಾದುದರಿಂದ ಅದು ಫಲವತ್ತಾದ ಬೀಜ ಕಟ್ಟುವುದಿಲ್ಲ. ಆದರೆ ಎಲೆ ನಯ, ಹೆಣಿಗೆ ದಟ್ಟ. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ಎಂಬ ಇಂತಹ ತಳಿಗಳು ಬಿಡುಗಡೆಯಾಗಿ, ಬೆಚ್ಚನೆಯ ನಾಡುಗಳ ಮೈದಾನಗಳಲ್ಲಿ ಹರಡಿದವು. ಅವುಗಳ ಒಂದೊಂದು ಹಾಸೂ ಮೂಲ ಗಿಡವೊಂದರ ತುಂಡುಗಳ ತುಂಡುಗಳಿಂದ ಬೆಳೆದುದು.

ಇದೇ ಬರ್ಟನ್ ಅವರು ಸಜ್ಜೆಯ ಮೇಲೂ ಸಂಶೋಧನೆ ನಡೆಸಿದ್ದರು. ಅವರು ಬೆಳೆಸಿದ, ಗಂಡುಬಂಜೆತನವುಳ್ಳ ಟಿಫ್ಟ್ 23 ಎ ಎಂಬ ಸಾಲನ್ನು ತಾಯಿಯಾಗಿ ಬಳಸಿಕೊಂಡು, ಭಾರತದ ಮೊದಲ ಮಿಶ್ರತಳಿ ಸಜ್ಜೆಯಾದ ಎಚ್‌ಬಿ-1 ಅನ್ನು ಪಂಜಾಬಿನಲ್ಲಿ ರೂಪಿಸಿ 1965ರಲ್ಲಿ ಬಿಡುಗಡೆ ಮಾಡಲಾಯಿತು. ಮೈದಾನದ ಹುಲ್ಲನ್ನೂ ಬಡವರ ರೊಟ್ಟಿಯ ಧಾನ್ಯವನ್ನೂ ಒಂದೇ ಕೈ ತಿದ್ದಿತೆಂಬುದು ಸ್ಮರಣೀಯ. ವಿಜ್ಞಾನಿಯ ಕಣ್ಣಿಗೆ ಎರಡೂ ಹುಲ್ಲುಗಳೇ.

ಕತ್ತರಿಯ ಲೆಕ್ಕ

ಇಂಗ್ಲೆಂಡಿನಲ್ಲಿ ಮೊದಲು ಹುಲ್ಲುಹಾಸನ್ನು ಕುರಿಗಳು ಮೇಯ್ದು, ಇಲ್ಲವೆ ಆಳುಗಳು ಉದ್ದಗುಡುಗೋಲಿನಿಂದ ಸವರಿ ಮಟ್ಟವಾಗಿಡುತ್ತಿದ್ದರು. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಯಂತ್ರವನ್ನು ಕಂಡು, ಅದೇ ಮಾದರಿಯಲ್ಲಿ ಹುಲ್ಲು ಕತ್ತರಿಸುವ ಉರುಳೆಯಂತ್ರವನ್ನು ರಚಿಸಿ 1830ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿಂದ ಮುಂದೆ ಹುಲ್ಲುಹಾಸು ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ.

ಕತ್ತರಿಯು ಹುಲ್ಲನ್ನು ಮೋಟುಮಾಡುವುದಷ್ಟೇ ಅಲ್ಲ; ಯಾವ ಸಸ್ಯ ಬದುಕಬೇಕೆಂಬುದನ್ನೂ ನಿರ್ಣಯಿಸುತ್ತದೆ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಒಂದು ಪುಟ್ಟ ಪ್ರಯೋಗವನ್ನು ಹೇಳಿದ್ದಾನೆ. ಮೂರು ಅಡಿ ಅಗಲ ನಾಲ್ಕು ಅಡಿ ಉದ್ದದ ಹುಲ್ಲುಹಾಸಿನ ತುಣುಕೊಂದನ್ನು ಕತ್ತರಿಸದೆ ಬೆಳೆಯಗೊಟ್ಟಾಗ, ಅಲ್ಲಿದ್ದ ಇಪ್ಪತ್ತು ಜಾತಿಗಳಲ್ಲಿ ಒಂಬತ್ತು ನಾಶವಾದವು. ಎತ್ತರ ಬೆಳೆಯುವ ಬಲಶಾಲಿಗಳು ಗಿಡ್ಡ ಗಿಡಗಳ ಬೆಳಕನ್ನು ಕಸಿದುಕೊಂಡುವು. ಕ್ರಮವಾಗಿ ಕತ್ತರಿಸುತ್ತಿರುವವರೆಗೆ ಎಲ್ಲಕ್ಕೂ ಸಮಪಾಲು. ನೆಲಕ್ಕಂಟಿ ಹರಡುವ ಗರಿಕೆಯಂತಹದಕ್ಕೆ ತುಸು ಹೆಚ್ಚೇ. ನೆಟ್ಟಗೆ ಬೆಳೆಯುವ ಅನೇಕ ಕಳೆಗಳಿಗೆ ಕತ್ತರಿಯೇ ಮದ್ದು.

ಆದರೆ ಎಲೆಯೆಂಬುದು ಬೇರಿನ ಅಡುಗೆಮನೆ. ಅಡುಗೆಮನೆಯನ್ನು ಕೆಡವಿದರೆ ಬೇರು ಉಪವಾಸ ಬೀಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬ ವಿಜ್ಞಾನಿ ಹಲವು ಜಾತಿಯ ಹುಲ್ಲುಗಳ ಎಲೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ, ಬೇರಿಗೆ ಏನಾಗುವುದೆಂದು ಅಳೆದು 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಎಲೆಯಲ್ಲಿ ನೂರಕ್ಕೆ ನಲವತ್ತು ಭಾಗದವರೆಗೆ ತೆಗೆದರೂ ಬೇರಿನ ಬೆಳೆವಣಿಗೆ ನಿಲ್ಲಲಿಲ್ಲ. ಅರ್ಧವನ್ನು ದಾಟಿದ ಮೇಲೆ ಒಂದೊಂದೇ ಬೇರು ಬೆಳೆಯುವುದನ್ನು ಬಿಟ್ಟಿತು. ಎಂಬತ್ತು ಭಾಗ ತೆಗೆದಾಗ ಎಲ್ಲ ಬೇರುಗಳೂ ಹಲವು ದಿನಗಳ ಕಾಲ ಸ್ತಬ್ಧವಾದುವು. ಒಮ್ಮೆಗೆ ಎಲೆಯ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬ ಮಾಲಿಗಳ ನಿಯಮಕ್ಕೆ ಈ ಪ್ರಯೋಗ ಬಲವಾದ ಆಧಾರ. ಹುಲ್ಲನ್ನು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿಡಬೇಕಾದರೆ ಅದು ಆರು ಆದಾಗ ಕತ್ತರಿಸಬೇಕು. ಹನ್ನೆರಡು ಆಗುವವರೆಗೆ ಸುಮ್ಮನಿದ್ದು ಹಬ್ಬದ ಹಿಂದಿನ ದಿನ ಬೋಳಿಸುವುದು ಹುಲ್ಲಿಗೆ ಮಾಡುವ ದೊಡ್ಡ ಅಪಕಾರ.

ಇದನ್ನು ಓದುಗರು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಕುಂಡಗಳಿಗೆ ಒಂದೇ ಮಣ್ಣು ತುಂಬಿ, ಒಂದೊಂದರಲ್ಲಿಯೂ ಹತ್ತು ಹತ್ತು ಗರಿಕೆ ತುಂಡುಗಳನ್ನು ನೆಟ್ಟು, ಒಂದು ತಿಂಗಳು ಬಿಸಿಲಿನಲ್ಲಿ ಸಮನಾಗಿ ನೀರೆರೆದು ಬೆಳೆಸಿ. ಅನಂತರ ಮೊದಲನೆಯ ಕುಂಡವನ್ನು ಮುಟ್ಟದಿರಿ. ಎರಡನೆಯದರಲ್ಲಿ ವಾರಕ್ಕೊಮ್ಮೆ ಮೇಲಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ. ಮೂರನೆಯದನ್ನು ವಾರಕ್ಕೊಮ್ಮೆ ನೆಲಕ್ಕೆ ಸಮನಾಗಿ ಬೋಳಿಸಿ. ಆರು ವಾರಗಳ ತರುವಾಯ ಕುಂಡಗಳನ್ನು ನೀರಿನಲ್ಲಿ ಮುಳುಗಿಸಿ, ಮಣ್ಣನ್ನು ಮೆಲ್ಲನೆ ತೊಳೆದು, ಬೇರುಗಳನ್ನು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಹರಡಿ ಅಳೆಯಿರಿ; ಒಣಗಿಸಿ ತೂಗಿರಿ. ಒಂದು ಪುಟದ ಪಾಠಕ್ಕಿಂತ ಆ ಮೂರು ಬೇರುಗಂಟುಗಳು ಹೆಚ್ಚು ಕಲಿಸುತ್ತವೆ.

ಗೊಬ್ಬರದ ಮಿತಿ

ಗೊಬ್ಬರದ ವಿಷಯದಲ್ಲಿಯೂ ಕಣ್ಣು ಮೋಸಹೋಗುತ್ತದೆ. ಯೂರಿಯದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಅದನ್ನು ಧಾರಾಳವಾಗಿ ಚೆಲ್ಲಿದರೆ ಹುಲ್ಲು ವಾರದೊಳಗೆ ಕಡುಹಸಿರಾಗುತ್ತದೆ. ಆದರೆ ಸಾರಜನಕ ಅತಿಯಾದಾಗ ಗಿಡವು ತನ್ನ ಸಕ್ಕರೆಯನ್ನೆಲ್ಲ ಹೊಸ ಎಲೆಗಳಿಗೆ ವೆಚ್ಚಮಾಡಿ ಬೇರಿಗೆ ಕಡಿಮೆ ಕೊಡುತ್ತದೆ. ಎಲೆ ಮೆತ್ತಗಾಗಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಬೆಳೆಯುವ ಕಾಲದಲ್ಲಿ ಚದರ ಮೀಟರಿಗೆ ಹತ್ತು ಗ್ರಾಂ ಯೂರಿಯ, ಅಂದರೆ ಸುಮಾರು ಐದು ಗ್ರಾಂ ಸಾರಜನಕ, ಒಂದು ಸಲಕ್ಕೆ ಧಾರಾಳವಾಯಿತು. ಕತ್ತರಿಸಿದ ಎಲೆಗಳನ್ನು ಗುಡಿಸಿ ಎಸೆಯದೆ ಅಲ್ಲಿಯೇ ಬಿಟ್ಟರೆ ಇದರಲ್ಲಿಯೂ ಒಂದು ಪಾಲು ಉಳಿಯುತ್ತದೆ. ಏಕೆಂದರೆ ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗ ಸಾರಜನಕವೇ.

ಗೊಬ್ಬರವು ದೀರ್ಘಕಾಲದಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದ ಹುಲ್ಲುಗಾವಲು ಸಾಕ್ಷಿಯಾಗಿದೆ. ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1856ರಲ್ಲಿ ಅಲ್ಲಿ ಆರಂಭಿಸಿದ ಪ್ರಯೋಗ ಇಂದಿಗೂ ನಡೆಯುತ್ತಿದೆ. ಯಾವ ಗೊಬ್ಬರವನ್ನೂ ಹಾಕದ ತುಂಡುಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಜಾತಿಯ ಸಸ್ಯಗಳು ಕೂಡಿ ಬಾಳುತ್ತಿವೆ. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಹಾಕುತ್ತ ಬಂದ ತುಂಡುಗಳಲ್ಲಿ ಮಣ್ಣು ಹುಳಿಯಾಗಿ ಎರಡು ಮೂರು ಜಾತಿಗಳು ಮಾತ್ರ ಉಳಿದಿವೆ. ನಡುವೆ ಇರುವುದು ಒಂದು ಗೆರೆ. ಒಂದೇ ಮಳೆ, ಒಂದೇ ಬಿಸಿಲು.

ನೀರೆಂಬ ಪ್ರಶ್ನೆ

ಕಟ್ಟಕಡೆಗೆ ಎಲ್ಲಕ್ಕಿಂತ ಕಠಿನವಾದ ವಿಷಯಕ್ಕೆ ಬರೋಣ. ಹುಲ್ಲುಹಾಸಿನ ಆದರ್ಶ ನಮಗೆ ಬಂದುದು ಇಂಗ್ಲೆಂಡಿನಿಂದ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ 1,000ಕ್ಕೆ ಸಮೀಪ. ಹಾಗಿದ್ದರೂ ಅಲ್ಲಿಯ ಹಾಸು ತಾನಾಗಿ ಹಸಿರಾಗಿದ್ದು ನಮ್ಮದು ಒಣಗುವುದೇಕೆ? ಅಲ್ಲಿಯ ಮಳೆ ವರ್ಷವಿಡೀ ಹಂಚಿ ತುಂತುರಾಗಿ ಬೀಳುತ್ತದೆ, ಬಿಸಿಲೂ ಮೃದು. ನಮ್ಮದು ಬಹುಮಟ್ಟಿಗೆ ಮೇ ತಿಂಗಳಿಂದ ಅಕ್ಟೋಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳ ಹಸಿರನ್ನು ಕೊಳಾಯಿಯಿಂದ ಕೊಡಬೇಕು.

ಅದರ ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಗೆಯ ದಿನ ಚೆನ್ನಾಗಿ ಬೆಳೆಯುವ ಗರಿಕೆಯ ಹಾಸಿನಿಂದ ಐದು ಮಿಲಿಮೀಟರಿನಷ್ಟು ನೀರು ಆವಿಯಾಗಬಹುದು. ನೂರು ಚದರ ಮೀಟರಿನ ಹಾಸಿಗೆ ದಿನಕ್ಕೆ 500 ಲೀಟರ್ ಆಯಿತು. ನಗರವಾಸಿ ಒಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಪ್ರಮಾಣ. ಎಂದರೆ ಆ ಹಾಸು ಹೆಚ್ಚುಕಡಿಮೆ ನಾಲ್ವರ ನೀರನ್ನು ಕುಡಿಯುತ್ತದೆ. ಅಮೆರಿಕದ ಹುಲ್ಲುಹಾಸುಗಳೆಲ್ಲ ಸೇರಿ ಸುಮಾರು 1,60,000 ಚದರ ಕಿಲೋಮೀಟರಿನಷ್ಟಾಗುತ್ತವೆಂದು ಉಪಗ್ರಹಗಳ ನೆರವಿನಿಂದ ನಡೆಸಿದ ಅಧ್ಯಯನವೊಂದು 2005ರಲ್ಲಿ ಅಂದಾಜು ಮಾಡಿತು. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಇದರ ಅಗಾಧತೆ ಮನಸ್ಸಿಗೆ ಬರುತ್ತದೆ.

2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಜನರು ಬಿಂದಿಗೆ ಹಿಡಿದು ಟ್ಯಾಂಕರುಗಳ ದಾರಿ ಕಾಯಬೇಕಾಯಿತು. ಆಗ ನಗರದ ಜಲಮಂಡಳಿಯು ಕುಡಿಯುವ ನೀರನ್ನು ತೋಟಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಅದೇ ಬೇಸಗೆಯಲ್ಲಿ ಕ್ರಿಕೆಟ್ ಪಂದ್ಯಗಳಿಗಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೆ ಶುದ್ಧೀಕರಿಸಿದ ಬಳಕೆಯ ನೀರನ್ನು ಒದಗಿಸಲಾಯಿತು. ಈ ಎರಡು ಸಂಗತಿಗಳಲ್ಲಿ ನಮ್ಮ ಪ್ರಶ್ನೆಗೆ ಉತ್ತರದ ಎಳೆಯಿದೆ.

ಗರಿಕೆಯ ಸ್ವಭಾವವನ್ನು ಬಲ್ಲವನು ಅದಕ್ಕೆ ದಿನವೂ ನೀರೆರೆಯುವುದಿಲ್ಲ. ದಿನವೂ ಮೇಲುಮಣ್ಣು ತೇವಗೊಳ್ಳುತ್ತಿದ್ದರೆ ಬೇರು ಮೇಲೆಯೇ ಉಳಿದು ಸೋಮಾರಿಯಾಗುತ್ತದೆ. ವಾರಕ್ಕೊಮ್ಮೆ ಒಂದು ಗೇಣು ಆಳದವರೆಗೆ ನೆನೆಯುವಂತೆ ಬೆಳಗಿನ ಜಾವ ನೀರು ಕೊಟ್ಟು, ಮುಂದಿನ ಸರದಿಗೆ ಹುಲ್ಲೇ ಕೇಳುವವರೆಗೆ ಕಾಯಬೇಕು. ಹುಲ್ಲು ಕೇಳುವುದುಂಟೆ? ಉಂಟು. ಹಾಸಿನ ಮೇಲೆ ನಡೆದು ಹಿಂದಿರುಗಿ ನೋಡಿ. ತುಳಿದ ಎಲೆಗಳು ಒಡನೆಯೇ ತಲೆಯೆತ್ತಿದರೆ ನೀರು ಸಾಕಷ್ಟಿದೆ; ಹೆಜ್ಜೆಯ ಗುರುತು ಹಾಗೆಯೇ ಉಳಿದು, ಹಸಿರು ನೀಲಿಬೂದಿಯತ್ತ ತಿರುಗಿದ್ದರೆ ನೀರು ಬೇಕಾಗಿದೆ. ನೀರೇ ಇಲ್ಲದ ಪಕ್ಷದಲ್ಲಿ ಕಂದಾಗಗೊಡಿ. ಆಳಕ್ಕೆ ಬೇರುಬಿಟ್ಟ ಗರಿಕೆಯಲ್ಲಿ ಕಂದು ಬಣ್ಣ ಸಾವಿನ ಗುರುತಲ್ಲ, ನಿದ್ರೆಯ ಗುರುತು. ನೆಲದಡಿಯ ಗುಪ್ತಕಾಂಡಗಳು ವಾರಗಟ್ಟಲೆ ಕಾದಿದ್ದು, ಮೊದಲ ಮಳೆಗೆ ಮತ್ತೆ ಚಿಗುರುತ್ತವೆ. ಮುಂಗಾರಿನ ಹನಿ ಬಿದ್ದ ನಾಲ್ಕೈದು ದಿನಗಳಲ್ಲಿ ಸುಟ್ಟಂತಿದ್ದ ಬದು ಹಸಿರಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಹಾಗಾದರೆ ಹುಲ್ಲುಹಾಸನ್ನು ಬೆಳೆಸಬೇಕೆ, ಬೇಡವೆ? ಕಣ್ಣಿನ ಚಂದಕ್ಕಾಗಿ ಮಾತ್ರ, ಯಾರೂ ಕಾಲಿಡಬಾರದೆಂಬ ಹಲಗೆಯನ್ನು ನೆಟ್ಟು, ನಾಲ್ವರ ಕುಡಿಯುವ ನೀರನ್ನು ಎರೆದು ಬೆಳೆಸುವ ಹಾಸು ನಮ್ಮ ನಾಡಿಗೆ ಸಲ್ಲದು. ಮಕ್ಕಳು ಓಡುವಲ್ಲಿ, ಬೀಳುವಲ್ಲಿ, ಮುದುಕರು ಸಂಜೆ ಕುಳಿತುಕೊಳ್ಳುವಲ್ಲಿ, ಮಳೆಗೆ ಮಣ್ಣು ಕೊಚ್ಚಿಹೋಗುವಲ್ಲಿ ಹುಲ್ಲು ಬೇಕು. ಅಲ್ಲಿ ಅದು ಧೂಳನ್ನು ಅಡಗಿಸುತ್ತದೆ, ನೆಲವನ್ನು ತಂಪಾಗಿಡುತ್ತದೆ, ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಶಾಲೆಯ ಕೈತೊಳೆಯುವ ನೀರು, ಸೋಸಿದ ಬಳಕೆಯ ನೀರು, ಚಾವಣಿಯಿಂದಿಳಿದ ಮಳೆಯ ನೀರು ಸಾಲುವಂತೆ ಹಾಸಿನ ಅಳತೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬೇಸಗೆಯಲ್ಲಿ ಎರಡು ತಿಂಗಳು ಅದು ಕಂದಾಗಿದ್ದರೆ ನಾಚಿಕೆಪಡಬೇಕಾಗಿಲ್ಲ.

ನಿಮ್ಮ ಶಾಲೆಯ ಅಂಗಳದಲ್ಲಿ ಬೋಳಾಗಿರುವ ಜಾಗವೊಂದನ್ನು ಈ ಬೇಸಗೆಯಲ್ಲಿ ಆರಿಸಿಕೊಳ್ಳಿ. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ ಸಾಕು. ಒಂದು ಮೊಳೆಯನ್ನು ಕೈಯಿಂದ ಒತ್ತಿ ನೋಡಿ. ಅದು ನೆಲಕ್ಕೆ ಇಳಿಯದಿದ್ದರೆ ಬೇರೂ ಇಳಿಯದು. ಅಗೆಯಿರಿ, ಕೊನ್ನಾರಿಯನ್ನು ತೆಗೆಯಿರಿ, ಮಳೆಗಾಗಿ ಕಾಯಿರಿ. ಗರಿಕೆಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಪಕ್ಕದ ಹೊಲದ ಬೇಸಾಯಗಾರನು ಒಂದು ಮಂಕರಿಯಷ್ಟನ್ನು ಸಂತೋಷದಿಂದ ಕೊಟ್ಟಾನು.